‘ಒಲ್ಲೆರಿ’ ಎಂದದ್ದಕ್ಕೆ ಮಾತು ನಿಂತ ಮನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸೊಸೆಗೆ 27 ವರ್ಷ, ಬಾಗಲಕೋಟೆ ಕಡೆಯವರು. ಅತ್ತೆಗೆ 58, ಹುಟ್ಟಿ ಬೆಳೆದದ್ದೆಲ್ಲ ಮೈಸೂರು. ಮದುವೆಯಾಗಿ ಎಂಟು ತಿಂಗಳಿಗೆ ಇಬ್ಬರ ನಡುವೆ ಮಾತು ನಿಂತಿತ್ತು. ಇಬ್ಬರನ್ನೂ ಆಪ್ತಸಮಾಲೋಚನೆಗೆ ಕರೆತಂದವರು ಮಗ. “ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾಳೆ” ಎಂಬುದು ಅತ್ತೆಯ ದೂರು. “ಮನಸ್ಸಿನ್ಯಾಗ ಒಂದು, ಬಾಯಾಗ ಒಂದು ಇಟ್ಕೊಂಡು ಮಾತಾಡ್ತಾರ್ರಿ, ನನಗ ಹೆಂಗ ತಿಳೀಬೇಕು?” ಎಂಬುದು ಸೊಸೆಯದು.

ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಅರ್ಧರ್ಧ ಗಂಟೆ ಕೇಳಲಾಯಿತು. ಸ್ವಭಾವ ಹೇಗೆಂದು ಹೇಳುವುದು ಬೇಡ, ಆಡಿದ ಮಾತನ್ನು ಆಡಿದ ಹಾಗೇ ಹೇಳಿ ಎಂದಾಗ ಅತ್ತೆಗೆ ಮೊದಲು ನೆನಪಾದದ್ದು ‘ಒಲ್ಲೆರಿ’. ಇನ್ನೆರಡು ಇಡ್ಲಿ ಹಾಕಲಾ ಎಂದಾಗ ಸೊಸೆ ಹಾಗೆಂದಿದ್ದರು. ಬಾಗಲಕೋಟೆಯಲ್ಲಿ ಅದು ‘ಸಾಕು, ಬೇಡ’ ಎನ್ನುವಷ್ಟೇ ಸಹಜ ಮಾತು. ಮರ್ಯಾದೆ ಕೊನೆಯ ‘ರಿ’ಯಲ್ಲಿದೆ. ಅತ್ತೆಯ ಕಿವಿಗೆ ‘ಒಲ್ಲೆ’ ಹಟದ ಮಾತು. ‘ಬರ್ರಿ’, ‘ಕೂಡ್ರಿ’ ಕೂಡ ಅವರಿಗೆ ಅಪ್ಪಣೆಯಂತೆ ಕೇಳಿಸಿದ್ದವು.

ಇನ್ನೊಂದು ಕಡೆ, ಅತ್ತೆ “ಪರವಾಗಿಲ್ಲ ಬಿಡಮ್ಮ, ಪಾತ್ರೆ ನಾನೇ ತೊಳ್ಕೋತೀನಿ” ಎಂದರೆ ಸೊಸೆ ನಂಬಿ ಕೋಣೆಗೆ ಹೋಗಿಬಿಡುತ್ತಿದ್ದರು. ಅತ್ತೆ ಕಾಯುತ್ತಿದ್ದದ್ದು “ಇಲ್ಲ ಅತ್ತೆ, ಕೊಡಿ” ಎಂಬ ಮಾತಿಗೆ. ಕೆಲವೆಡೆ ಅರ್ಥವನ್ನು ಪದವೇ ಹೊರುತ್ತದೆ, ಕೆಲವೆಡೆ ಹೆಚ್ಚಿನ ಭಾರ ಸಂದರ್ಭದ ಮೇಲಿರುತ್ತದೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದ್ದು ಸಂಸ್ಕೃತಿಗಳ ಬಗ್ಗೆ. ಅದು ಒಂದೇ ಅಡುಗೆಮನೆಯಲ್ಲೂ ನಡೆಯುತ್ತದೆ. ಹಾಗೆಂದು ಮೈಸೂರಿನವರೆಲ್ಲ ಹೀಗೆ, ಬಾಗಲಕೋಟೆಯವರೆಲ್ಲ ಹಾಗೆ ಎನ್ನುವಂತಿಲ್ಲ. ಇವು ಈ ಎರಡು ಮನೆಗಳ ರೂಢಿ.

ಸೊಸೆ ಬಂಗಾಳಿಯಾಗಿದ್ದರೆ ಅತ್ತೆ “ಹಾಗಂದ್ರೆ ಏನಮ್ಮ?” ಎಂದು ಕೇಳುತ್ತಿದ್ದರು. ಇಬ್ಬರದೂ ಕನ್ನಡವೇ ಆದ್ದರಿಂದ ಯಾರೂ ಕೇಳಲಿಲ್ಲ. ಹೀಗಾಗಿ ಪದದ ವ್ಯತ್ಯಾಸ ಗುಣದ ದೋಷವಾಗಿ ಕಂಡಿತು. ಈ ಪ್ರಕರಣದ ಗಂಟು ಇಲ್ಲಿದೆ.

ಮಗ ಒಳ್ಳೆಯ ಮನಸ್ಸಿನಿಂದಲೇ ಹೆಂಡತಿಗೆ ‘ಸರಿಯಾದ’ ಮಾತು ಕಲಿಸಲು ಹೋಗಿದ್ದರು. ತವರಿನ ಮಾತನ್ನೇ ತಿದ್ದಿದಂತಾಗಿ ಆಕೆ ಮಾತು ಕಡಿಮೆ ಮಾಡಿದರು. ಆ ಮೌನ ಅತ್ತೆಗೆ ಸೊಕ್ಕಾಗಿ ಕಂಡಿತು. ಮಗನಿಗೆ ಕೊಟ್ಟ ಸಲಹೆ ಒಂದೇ: ತಿದ್ದುವುದನ್ನೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದನ್ನೂ ಇಂದೇ ನಿಲ್ಲಿಸಿ.

ಅತ್ತೆ-ಸೊಸೆಗೆ ಏಳು ದಿನದ ಅಭ್ಯಾಸ. ದಿನಕ್ಕೆ ನೋವಾದ ಒಂದು ಮಾತನ್ನು ಕೇಳಿದ ಹಾಗೇ ಬರೆಯಬೇಕು. ಕೆಳಗೆ ಅದಕ್ಕಿರಬಹುದಾದ ಎರಡು ಅರ್ಥ. ಆಮೇಲೆ ಆ ಮಾತು ಆಡಿದವರನ್ನೇ ಕೇಳಬೇಕು, ಅದೇ ದಿನ, ಅಡುಗೆ ಗಡಿಬಿಡಿ ಮುಗಿದ ಮೇಲೆ, ನೆಂಟರಿಲ್ಲದಾಗ. “ಯಾಕೆ ಹಾಗಂದೆ?” ಎಂದರೆ ವಿಚಾರಣೆಯಾಗುತ್ತದೆ, ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. “ಹಾಗಂದ್ರೆ ಏನರ್ಥ?” ಎಂದು ಕೇಳಬೇಕು. ಮೊದಲ ವಾರ ಇಬ್ಬರೂ ಎರಡೂ ಅರ್ಥ ಕೆಟ್ಟದ್ದೇ ಬರೆದರು. ಹಾಗಾಗಿ ನಿಯಮ ಸೇರಿಸಬೇಕಾಯಿತು: ಅದೇ ಮಾತನ್ನು ಕೆಡುಕಿಲ್ಲದೆ ನಾನೇ ಆಡಿದ್ದರೆ ಯಾವ ಅರ್ಥ ಇರುತ್ತಿತ್ತೋ ಅದು ಎರಡನೆಯದಾಗಬೇಕು.

ನೋವು ಹೇಳಲು ಕನ್ನಡದಲ್ಲೇ ದಾರಿಯಿದೆ: “ನಂಗೆ ಬೇಜಾರಾಯ್ತು”, “ನನಗ ಕೆಟ್ಟ ಅನಿಸ್ತು”. ಇಲ್ಲಿ ತಪ್ಪಿತಸ್ಥರೇ ಇಲ್ಲ. “ನೀನು ನನ್ನ ಲೆಕ್ಕಕ್ಕೇ ಇಟ್ಟಿಲ್ಲ ಅನ್ಸತ್ತೆ” ಎಂಬುದು ಹಾಗಲ್ಲ. ‘ಅನ್ಸತ್ತೆ’ ಇದ್ದರೂ ಅದು ಆರೋಪವೇ.

ಆರನೇ ವಾರ ಅತ್ತೆ “ಪಾತ್ರೆ ತೊಳೀತೀಯಾ?” ಎಂದು ನೇರವಾಗಿ ಕೇಳತೊಡಗಿದ್ದರು. ದರ್ಪ ಮಾಡಿದಂತಾಗುತ್ತದೆ ಎಂಬ ಅಳುಕು ಅವರಿಗೆ ಇನ್ನೂ ಇದೆ. ಸೊಸೆ ‘ಒಲ್ಲೆರಿ’ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಬಗೆಹರಿಯದೆ ಉಳಿದದ್ದು ತವರಿಗೆ ಫೋನ್ ಹಚ್ಚಿದಾಗಿನ ಗಟ್ಟಿ ದನಿ. ಜಗಳವಾಡುತ್ತಿದ್ದಾಳೆಂದೇ ಅತ್ತೆಯ ಅನುಮಾನ. ಮುಂದಿನ ಫೋನಿನಲ್ಲಿ ಅತ್ತೆಯೂ ಹತ್ತು ನಿಮಿಷ ಬೀಗಿತ್ತಿಯೊಂದಿಗೆ ಮಾತಾಡಲಿ ಎಂದು ಸೂಚಿಸಲಾಗಿದೆ.