ಪಡಸಾಲೆಗೆ ಮತ್ತೆ ಬಂದ ಮಾವ

ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವುದು ನನ್ನ ಕಸುಬು. ಮನೆಯೊಳಗಿನ ಕ್ಯಾಮೆರಾ ಕಾರಣಕ್ಕೆ ನನ್ನ ಬಳಿ ಬಂದ ಪ್ರಕರಣಗಳಲ್ಲಿ ಇದು ಐದನೆಯದು. ಒಂದರಲ್ಲಿ ಪಿಯುಸಿ ಹುಡುಗಿಯ ಓದುವ ಕೋಣೆ. ಇನ್ನೊಂದರಲ್ಲಿ ಸೊಸೆಯ ಅಡುಗೆಮನೆ. ಐದು ಆದಮೇಲೆ ಬರೆಯಲೇಬೇಕು ಅನ್ನಿಸಿತು. ಜೊತೆಗೆ ಇದರಲ್ಲಿ ನನ್ನದೂ ಒಂದು ತಪ್ಪಿದೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲಸ ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.

ಗಂಗಾವತಿ ಕಡೆಯ ಊರು. ತಾಯಿಗೆ ಎಪ್ಪತ್ತರ ಹತ್ತಿರ, ಗಂಡ ತೀರಿಕೊಂಡು ಆರು ವರ್ಷ. ಮಗ, ಸೊಸೆ ಬೆಂಗಳೂರಿನಲ್ಲಿ. ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಎರಡು ತಾಸು ಹಾಗೇ ಬಿದ್ದಿದ್ದರು. ಹಾಲು ಹಾಕುವ ಹುಡುಗ ನೋಡಿ ಕೂಗಿಕೊಂಡ. ಅದಾದ ಹದಿನೈದು ದಿನಕ್ಕೆ ಮಗ ಬಂದು ಪಡಸಾಲೆಯಲ್ಲಿ ಟಿವಿ ಶೋಕೇಸಿನ ಮೇಲೆ ಒಂದು ವೈಫೈ ಕ್ಯಾಮೆರಾ ಕೂರಿಸಿ ಹೋದರು. ಸುತ್ತ ತಿರುಗುತ್ತದೆ. ರಾತ್ರಿಯೂ ಕಾಣುತ್ತದೆ. ಫೋನಿನಲ್ಲಿ ಗುಂಡಿ ಒತ್ತಿ ಮಾತಾಡಿದರೆ ಅದರೊಳಗಿಂದಲೇ ದನಿ ಬರುತ್ತದೆ.

ಎಂಟು ತಿಂಗಳ ನಂತರ ರಾತ್ರಿ ಬಸ್ಸಿನಲ್ಲಿ ಬಂದು, ತಾಯಿಯನ್ನು ಕೊಪ್ಪಳಕ್ಕೆ ನನ್ನ ಬಳಿ ಕರೆತಂದರು. "ಮೇಡಂ, ಅವ್ವ ಮೊದಲಿನಂಗಿಲ್ಲ. ಡಿಪ್ರೆಶನ್ ಇರಬೇಕು, ಇಲ್ಲಾ ಮರೆವಿನ ಕಾಯಿಲೆ ಶುರುವಾಗಿರಬೇಕು" ಅಂದರು. ಸುಮ್ನೆ ಹೇಳಲಿಲ್ಲ, ದಾಖಲೆ ಸಮೇತ ಹೇಳಿದರು. ಫೋನಿನಲ್ಲಿ ತುಣುಕುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದರು. ಅಮ್ಮ ಪಡಸಾಲೆಗೆ ಬರುವುದೇ ಕಡಿಮೆ. ಟಿವಿ ಹಚ್ಚುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದರೂ ತಲೆಯ ಮೇಲೆ ಸೆರಗು. ರಾತ್ರಿ ಮೂರು ಗಂಟೆಗೆ ಎದ್ದು ಬಾಗಿಲಲ್ಲಿ ನಿಂತು ನೇರ ಕ್ಯಾಮೆರಾವನ್ನೇ ನೋಡುತ್ತಾರೆ. ಆ ಕಪ್ಪುಬಿಳುಪು ಚಿತ್ರ ನೋಡಿ ನನಗೂ ಒಂದು ಕ್ಷಣ ಗಾಬರಿಯಾಯಿತು.

ತಪ್ಪು ಅಂದೆನಲ್ಲ, ಅದು ಇದೇ. ಇಪ್ಪತ್ತು ನಿಮಿಷ ನಾನು ಆ ತುಣುಕುಗಳನ್ನು ನೋಡುತ್ತಾ ಕೂತೆ. ಎರಡು ಮಾರು ದೂರದಲ್ಲಿ ಆಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರಿಗಿದ್ದವರನ್ನು ಬಿಟ್ಟು ಫೋನಿನೊಳಗಿದ್ದವರನ್ನು ನೋಡಿದೆ. ಆಮೇಲೆ ಮಾತಾಡಿಸಿದರೆ "ಆರಾಮದೀನ್ರೀ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಹೇಗೆ ಇರುತ್ತದೆ? ನಾನೂ ಮಗನ ಪಕ್ಷದವಳು ಅಂತ ಆಕೆಗೆ ಖಾತ್ರಿಯಾಗಿತ್ತು.

ಆ ದಿನ ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಿದ್ದು. ವಯಸ್ಸಾದವರು ಮಂಕಾದರೆ ಮೊದಲು ರಕ್ತ ನೋಡಬೇಕು, ಆಮೇಲೆ ಮನಸ್ಸು. ಬಿ12 ಸ್ವಲ್ಪ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ಉಳಿದದ್ದೆಲ್ಲ ಸರಿ ಇತ್ತು.

ಎರಡನೆಯ ಸಲ ಮಗನನ್ನು ಹೊರಗೆ ಚಹಾ ಕುಡಿಯಲು ಕಳಿಸಿದೆ. ಫೋನುಗಳನ್ನೂ ಹೊರಗಿಟ್ಟೆ. ಆಕೆ ಒಮ್ಮೆ ಗೋಡೆಗಳನ್ನೆಲ್ಲ ನೋಡಿದರು. "ಇಲ್ಲಿ ಐತೇನು?" ಅಂತ ಕೇಳಿದರು. ಏನು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಇಲ್ಲ ಅಮ್ಮಾ" ಅಂದೆ.

ಸೆರಗು ಕೆಳಗಿಳಿಯಿತು.

ಮರೆವು ನೋಡಲು ನಾವು ಕೇಳುವ ಪ್ರಶ್ನೆಗಳಿವೆ. ಇವತ್ತು ಯಾವ ವಾರ, ಐದು ಪದ ಹೇಳುತ್ತೇನೆ ನೆನಪಿಡಿ, ಈ ಥರ. ಆಕೆ ಎಲ್ಲಾ ಸರಿಯಾಗಿ ಹೇಳಿದರು. ಅದರ ಮೇಲೆ ಯಾರ ಗದ್ದೆ ಯಾರಿಗೆ ಲಾವಣಿಗೆ ಕೊಟ್ಟಿದೆ, ಎಷ್ಟು ಚೀಲಕ್ಕೆ ಮಾತಾಗಿದೆ ಅಂತ ಕೇಳದಿದ್ದರೂ ಲೆಕ್ಕ ಒಪ್ಪಿಸಿದರು. "ಮತ್ತೆ ಪಡಸಾಲೆಯಲ್ಲಿ ಯಾಕೆ ಕೂರಲ್ಲ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾ ಸೊಸಿಯಾಗಿ ಬಂದಾಗ ನಮ್ಮ ಮಾವಾರು ಪಡಸಾಲ್ಯಾಗ ಕುಂದ್ರತಿದ್ರು ಯವ್ವಾ. ಅವರ ಮುಂದ ಹಾಯ್ದು ಹೋಗೂಮುಂದ ತಲಿ ಮ್ಯಾಲ ಸೆರಗು. ಜೋರ್ ನಗಂಗಿಲ್ಲ, ಕಾಲು ಚಾಚಿ ಕುಂದ್ರಂಗಿಲ್ಲ. ಇಪ್ಪತ್ತು ವರ್ಷ ಹಂಗ ಬಾಳೇವು ಮಾಡೇನಿ. ಅವರು ತೀರಿಕೊಂಡ ಮ್ಯಾಲ ಪಡಸಾಲಿ ನಂದಾತು. ಈಗ ಮತ್ತ ಮಾವಾರು ಬಂದು ಕುಂತಂಗ ಆಗೈತಿ. ಆದ್ರ ಅವರು ಮಧ್ಯಾಹ್ನ ಒಂದ್ ತಾಸು ಮಲಗತಿದ್ರು. ಇದು ಮಲಗಂಗಿಲ್ಲ."

ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಬೇಸಿಗೆಯಲ್ಲಿ ಊಟವಾದ ಮೇಲೆ ತಂಪಿಗೆ ಅಂತ ಬರೀ ನೆಲದ ಮೇಲೆ ಮಲಗಿದ್ದಾರೆ. ಶೋಕೇಸಿನ ಮೇಲಿಂದ ದನಿ: "ಅವ್ವಾ, ಏನಾತು? ಯಾಕ ನೆಲದ ಮ್ಯಾಲ ಬಿದ್ದಿ?" ಎದೆ ಹೊಡೆದುಕೊಂಡು ಎದ್ದು ಕೂತವರು ಆ ದಿನ ಮತ್ತೆ ಮಲಗಲಿಲ್ಲ. ಅಂದಿನಿಂದ ಮಧ್ಯಾಹ್ನ ಹಿತ್ತಲಿನ ಬೇವಿನ ಗಿಡದ ಕೆಳಗೆ. ಮೇ ತಿಂಗಳ ಗಂಗಾವತಿ ಬಿಸಿಲಲ್ಲಿ! ಪಕ್ಕದ ಮನೆಯಾಕೆ ದಿನಾ ಬಂದು ಎಲೆ ಅಡಿಕೆ ಹಾಕಿಕೊಂಡು ತನ್ನ ಸೊಸೆಯ ಬಗ್ಗೆ ಹೇಳಿಕೊಳ್ಳುತ್ತಿದ್ದಳು. ಕ್ಯಾಮೆರಾಕ್ಕೆ ಕಿವಿಯೂ ಇದೆ ಅಂತ ಗೊತ್ತಾದ ದಿನದಿಂದ ಬರುವುದು ಬಿಟ್ಟಳು. ಇನ್ನು ರಾತ್ರಿ ಮೂರರ ವಿಷಯ. ಈ ಕ್ಯಾಮೆರಾಗಳು ಕತ್ತಲಲ್ಲಿ ನೋಡಲು ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ ಅನ್ನುತ್ತಾರೆ, ಆದರೆ ಅನೇಕ ಕ್ಯಾಮೆರಾಗಳಲ್ಲಿ ಅದರ ಬಲ್ಬುಗಳು ಮಸುಕಾಗಿ ಕೆಂಪಗೆ ಹೊಳೆಯುತ್ತವೆ. ನೀರು ಕುಡಿಯಲು ಎದ್ದವರಿಗೆ ಕತ್ತಲಲ್ಲಿ ಆ ಕೆಂಪು ಚುಕ್ಕೆಗಳು ಕಂಡರೆ ಯಾರಾದರೂ ನಿಂತು ನೋಡುತ್ತಾರೆ, ಅಲ್ವಾ?

ಅಂದರೆ ಮಗ ತಂದ ಸಾಕ್ಷಿಯೆಲ್ಲ ನಿಜ. ಕಾಯಿಲೆಯ ಲಕ್ಷಣ ಅಂತ ತೋರಿಸಿದ್ದೆಲ್ಲ ಆ ಕ್ಯಾಮೆರಾ ಬಂದಮೇಲೆ ಶುರುವಾದದ್ದು.

ಮಗನನ್ನು ಕೆಟ್ಟವನು ಅಂದುಕೊಳ್ಳಬೇಡಿ. ದಿನಕ್ಕೆ ನಲವತ್ತು ಅಲರ್ಟ್ ಬರುತ್ತಿತ್ತಂತೆ. ಫ್ಯಾನಿನ ಗಾಳಿಗೆ ಕ್ಯಾಲೆಂಡರ್ ಹಾಳೆ ಹಾರಿದರೂ ಅಲರ್ಟ್, ಬೆಕ್ಕು ಬಂದರೂ ಅಲರ್ಟ್. ಊರಲ್ಲಿ ಕರೆಂಟ್ ಹೋದರೆ ಕ್ಯಾಮೆರಾ ಆಫ್‌ಲೈನ್. ಆಗ ಆಫೀಸಿನ ಮೀಟಿಂಗಿನಿಂದ ಎದ್ದು ಬಂದು ಅಕ್ಕಪಕ್ಕದವರಿಗೆಲ್ಲ ಫೋನ್. ಹೆದರಿಕೆ ಕಡಿಮೆಯಾಗಲಿ ಅಂತ ತಂದದ್ದು ಹೆದರಿಕೆಯನ್ನು ಜೇಬಿಗೇ ತಂದಿಟ್ಟಿತ್ತು.

"ನಾನು ನೋಡ್ಕೊಳ್ತಾ ಇದ್ದೀನಲ್ಲ ಮೇಡಂ" ಅಂದರು. ನೀವು ನೋಡ್ತಾ ಇದ್ದೀರಿ ಅಂದೆ. ಮಾತು ಸ್ವಲ್ಪ ಒರಟಾಯಿತು. ಅವರಿಗೆ ಸಿಟ್ಟು ಬಂತು: "ನಮ್ಮ ಮನಿ, ನಮ್ಮವ್ವ. ಇದರಾಗ ಪ್ರೈವಸಿ ಏನ್ ಬಂತು?"

ಈ ಪ್ರಶ್ನೆ ಐದೂ ಪ್ರಕರಣಗಳಲ್ಲಿ ಬಂದಿದೆ. ಮುದುಕರಿಗೆ ಯಾಕೆ ಪ್ರೈವಸಿ ಅನ್ನುವವರಿಗೆ ನಾನು ಒಂದು ವಿಷಯ ನೆನಪಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅದು ಆಧಾರ್ ವಿಷಯ, ಸರ್ಕಾರದ ಎದುರಿನ ಮಾತು. ತಾಯಿ ಮಗನ ಮೇಲೆ ಕೇಸು ಹಾಕಲಿ ಅಂತ ನಾನು ಹೇಳುತ್ತಿಲ್ಲ. ಆದರೆ 86ರಲ್ಲೂ ಅದು ಬೇಕು ಅನ್ನಿಸುತ್ತದೆ, ಅಷ್ಟೇ.

ಆಮೇಲೆ ಅವರಿಗೆ ಒಂದೇ ಪ್ರಶ್ನೆ ಕೇಳಿದೆ. ಅಮ್ಮ ಬಿದ್ದದ್ದು ಎಲ್ಲಿ? ಬಚ್ಚಲಲ್ಲಿ. ಕ್ಯಾಮೆರಾ ಇರುವುದು ಎಲ್ಲಿ? ಅವರು ಉತ್ತರ ಕೊಡಲಿಲ್ಲ. ಬಚ್ಚಲಲ್ಲಿ ಎಂಟು ತಿಂಗಳಿಂದ ಏನೂ ಬದಲಾಗಿರಲಿಲ್ಲ. ಅದೇ ನುಣುಪು ಟೈಲ್ಸ್, ಅದೇ ಮಂದ ಬಲ್ಬು.

ನಾನು ಕೊಟ್ಟ ಸಲಹೆ ಬಚ್ಚಲಿನಿಂದಲೇ ಶುರುವಾಯಿತು. ಗೋಡೆಗೆ ಹಿಡಿಕೆ, ನೆಲಕ್ಕೆ ಒರಟು ಮ್ಯಾಟು, ಜಾಸ್ತಿ ಬೆಳಕಿನ ಬಲ್ಬು, ಒಳಗಿಂದ ಹಾಕಿದರೂ ಹೊರಗಿಂದ ತೆಗೆಯಲು ಬರುವ ಚಿಲಕ. ಮನೆಯ ಒಂದು ಬೀಗದ ಕೈ ಪಕ್ಕದ ಮನೆಯಲ್ಲಿ. ಬೆಳಿಗ್ಗೆ ಏಳಕ್ಕೆ ಒಂದು ಫೋನು, ಮಾಡುವುದು ಅಮ್ಮ, ಮಗ ಅಲ್ಲ. ಏಳೂವರೆ ಆದರೂ ಫೋನು ಬರದಿದ್ದರೆ ಪಕ್ಕದ ಮನೆಗೆ ಹೇಳುವುದು. ಕ್ಯಾಮೆರಾವನ್ನು ಹೊರಗೆ ತಂದು ಗೇಟಿನ ಕಡೆಗೆ ತಿರುಗಿಸಿ, ಮೈಕ್ ಬಂದ್ ಮಾಡಿ ಅಂದೆ. ಅದರ ಸ್ವಿಚ್ಚು ಅಮ್ಮನ ಕೈಗೆ ಸಿಗುವಲ್ಲಿ ಇರಬೇಕು. ಆಕೆ ಆರಿಸಿದರೆ ಯಾಕೆ ಅಂತ ಕೇಳುವ ಹಾಗಿಲ್ಲ. ಈ ಕೊನೆಯದಕ್ಕೆ ಮಗ ಒಪ್ಪಲು ಅರ್ಧ ತಾಸು ಹಿಡಿಯಿತು.

ಕ್ಯಾಮೆರಾ ಕಿತ್ತೇ ಹಾಕಿಸಬೇಕಿತ್ತು ಅಂದವರು ನಮ್ಮ ಕಸುಬಿನಲ್ಲೇ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ. ಆ ಎರಡು ತಾಸು ಮಗನ ತಲೆಯಲ್ಲಿ ಇನ್ನೂ ನಡೆಯುತ್ತಲೇ ಇದೆ. ಒಮ್ಮೆಲೇ ಕಿತ್ತುಕೊಂಡರೆ ಮುಂದಿನ ತಿಂಗಳು ಇನ್ನೂ ಸಣ್ಣದೊಂದು ತಂದು ಕಾಣದ ಹಾಗೆ ಇಡುತ್ತಿದ್ದರು. ಹಾಗೆ ಇಟ್ಟವರನ್ನೂ ನೋಡಿದ್ದೇನೆ. ಮತ್ತೆ, ಎಲ್ಲಾ ಮಂಕುತನವೂ ಕ್ಯಾಮೆರಾದಿಂದ ಬರುವುದಿಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, "ಇನ್ನೆಷ್ಟು ದಿನ" ಅನ್ನುವ ಮಾತು ಪದೇ ಪದೇ ಬರುತ್ತಿದೆ ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದನ್ನು ಕೇಳಲು ನಾನು ಮರೆತಿದ್ದೆ. ಈ ಕ್ಯಾಮೆರಾದ ಆ್ಯಪ್ ಇನ್ನೂ ಯಾರ ಯಾರ ಫೋನಿನಲ್ಲಿದೆ? ಮೂರನೆಯ ಭೇಟಿಯಲ್ಲಿ ಗೊತ್ತಾಯಿತು, ಸೊಸೆ ಮತ್ತು ಸೊಸೆಯ ತಮ್ಮನ ಫೋನಿನಲ್ಲೂ ಇತ್ತು. ಜೋಡಿಸಿ ಕೊಟ್ಟವನು ಆ ತಮ್ಮನೇ, ಹಾಗೇ ಉಳಿದುಬಿಟ್ಟಿತ್ತು. ಅವನು ಒಮ್ಮೆಯೂ ತೆರೆದಿರಲಿಕ್ಕಿಲ್ಲ. ಆದರೂ ಅಮ್ಮನಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಪಾಸ್‌ವರ್ಡ್ ಬದಲಿಸಿ, ಹಂಚಿಕೆಯಾಗಿದ್ದ ಹೆಸರುಗಳನ್ನೆಲ್ಲ ಅಲ್ಲೇ ತೆಗೆಸಿದೆ.

ಎರಡು ತಿಂಗಳ ಮೇಲೆ ಮಗ ಫೋನ್ ಮಾಡಿದರು. ಅವ್ವ ಒಂದು ದಿನ ಮಧ್ಯಾಹ್ನ ಮೂರು ತಾಸು ಸ್ವಿಚ್ ಆರಿಸಿದ್ದಳು, ನಾನು ಕೇಳಲಿಲ್ಲ ಅಂದರು. ದನಿಯಲ್ಲಿ ಸ್ವಲ್ಪ ಹೆಮ್ಮೆ, ಜಾಸ್ತಿ ಕಷ್ಟ. ಟಿವಿ ಮತ್ತೆ ಶುರುವಾಗಿದೆಯಂತೆ. ಪಕ್ಕದ ಮನೆಯಾಕೆಯೂ ಬರುತ್ತಿದ್ದಾಳಂತೆ. ಮುಂಬಾಗಿಲಿನಿಂದಲ್ಲ, ಹಿತ್ತಲ ಬಾಗಿಲಿನಿಂದ.