ಮೌಂಟ್ ಆಗದ ಲಿನಕ್ಸ್ ಪಾರ್ಟಿಷನ್: ಫೈಲುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಉಬುಂಟು ಇದೆ. ಕೆಲಸದ ನಡುವೆ ಕರೆಂಟು ಹೋದ ಮೇಲೆ ಹೋಮ್ ಪಾರ್ಟಿಷನ್ (ನನ್ನ ಫೈಲುಗಳಿರುವ ಡಿಸ್ಕಿನ ಭಾಗ) ಮೌಂಟ್ ಆಗುತ್ತಿಲ್ಲ, ಅಂದರೆ ತೆರೆದುಕೊಳ್ಳುತ್ತಿಲ್ಲ. ಸೂಪರ್‌ಬ್ಲಾಕ್ (ಪಾರ್ಟಿಷನ್ನಿನ ರಚನೆಯ ಮುಖ್ಯ ವಿವರಗಳಿರುವ ಭಾಗ) ಕೆಟ್ಟಿದೆ ಎಂಬ ಸಂದೇಶ ಬರುತ್ತದೆ. ಮನೆಯವರ ಫೋಟೊಗಳೂ ನನ್ನ ಬರಹಗಳೂ ಅದರಲ್ಲಿಯೇ ಇವೆ, ಬ್ಯಾಕಪ್ ಇಲ್ಲ. ಎಲ್ಲದಕ್ಕೂ 'ಹೌದು' ಎನ್ನುವ ಆಯ್ಕೆ ಕೊಟ್ಟು ಎಫ್‌ಎಸ್‌ಸಿಕೆ ನಡೆಸುವಂತೆ ಸ್ನೇಹಿತರು ಹೇಳಿದ್ದಾರೆ. ನಡೆಸಬಹುದೇ?

ಉತ್ತರ: ಮೂಲ ಡಿಸ್ಕಿನ ಮೇಲೆ ದಯವಿಟ್ಟು ನಡೆಸಬೇಡಿ. ಎಫ್‌ಎಸ್‌ಸಿಕೆ ಆಜ್ಞೆ ಇರುವುದು ಫೈಲ್ ಸಿಸ್ಟಂನ (ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆಯ) ಲೆಕ್ಕವನ್ನು ಸರಿಪಡಿಸುವುದಕ್ಕೆ. ಆ ಲೆಕ್ಕಕ್ಕೆ ಹೊಂದದ ಐನೋಡುಗಳನ್ನು (ಪ್ರತಿ ಫೈಲಿನ ವಿವರವಿರುವ ದಾಖಲೆಗಳನ್ನು) ಅದು ಅಳಿಸಿಹಾಕುವುದೂ ಉಂಟು, ಆಗ ನಿಮ್ಮ ಫೋಟೊಗಳೂ ಅವುಗಳೊಂದಿಗೆ ಹೋಗಬಹುದು.

ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ ಆರಂಭಿಸಿ, ಮೊದಲು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಪಾರ್ಟಿಷನ್ನಿನ ಹೆಸರನ್ನು ಖಚಿತಪಡಿಸಿಕೊಳ್ಳಿ. ಪಾರ್ಟಿಷನ್ನಿನ ಬದಲು ಇಡೀ ಡಿಸ್ಕಿನ ಹೆಸರು ಕೊಟ್ಟರೂ ಇದೇ ಸಂದೇಶ ಬರುತ್ತದೆ. ಬಳಿಕ ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಮತ್ತು ಡಿಸ್ಕಿನ ಸ್ಥಿತಿಯನ್ನು ತಿಳಿಸುವ ಸ್ಮಾರ್ಟ್‌ಸಿಟಿಎಲ್ ಆಜ್ಞೆಗಳನ್ನು ನಡೆಸಿ ನೋಡಿ. ಓದುವ ದೋಷಗಳು ಕಂಡರೆ ಕೆಟ್ಟಿರುವುದು ಡಿಸ್ಕೇ. ಅದು ಟಕಟಕ ಸದ್ದು ಮಾಡುತ್ತಿದ್ದರೆ ತಕ್ಷಣ ಆರಿಸಿ ಪರಿಣತರಿಗೆ ಕೊಡಿ.

ಇಲ್ಲವಾದರೆ, ಸಾಕಷ್ಟು ಜಾಗವಿರುವ ಇನ್ನೊಂದು ಡಿಸ್ಕಿಗೆ ಡಿಡಿರೆಸ್ಕ್ಯೂ ಮೂಲಕ ಪಾರ್ಟಿಷನ್ನಿನ ಪೂರ್ಣ ಪ್ರತಿ ತೆಗೆಯಿರಿ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು ಕೆಟ್ಟ ಸೆಕ್ಟರುಗಳಿಗೆ ಆಮೇಲೆ ಮರಳುತ್ತದೆ; ಮ್ಯಾಪ್ ಫೈಲಿನ (ಎಲ್ಲಿಯವರೆಗೆ ಓದಾಯಿತೆಂದು ಬರೆದಿಡುವ ಫೈಲಿನ) ಹೆಸರು ಕೊಟ್ಟಿದ್ದರೆ ಕೆಲಸ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ಮುಂದಿನದೆಲ್ಲವೂ ಈ ಪ್ರತಿಯ ಮೇಲೆಯೇ ನಡೆಯಬೇಕು.

ಉಬುಂಟು ಸಾಮಾನ್ಯವಾಗಿ ಬಳಸುವ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ರಲ್ಲಿ ಮುಖ್ಯ ಸೂಪರ್‌ಬ್ಲಾಕ್ ಪಾರ್ಟಿಷನ್ನಿನ ಆರಂಭದಿಂದ 1024 ಬೈಟು ದಾಟಿದ ಮೇಲೆ ಇರುತ್ತದೆ. ಅದೊಂದು ಹಾಳಾದರೂ ನಿರಾಶರಾಗಬೇಕಾಗಿಲ್ಲ, ಏಕೆಂದರೆ ಬ್ಲಾಕಿನ ಗಾತ್ರ 4096 ಬೈಟು ಆಗಿರುವ ಸಾಮಾನ್ಯ ಪಾರ್ಟಿಷನ್ನಿನಲ್ಲಿ ಅದರ ನಕಲುಗಳು 32768, 98304, 163840 ಮುಂತಾದ ಬ್ಲಾಕುಗಳಲ್ಲಿ ಇರುತ್ತವೆ. ಪ್ರತಿಯನ್ನು 'ಆರ್‌ಒ' (ಓದಲು ಮಾತ್ರ), 'ನೋಲೋಡ್' ಮತ್ತು 'ಎಸ್‌ಬಿ=131072' ಎಂಬ ಆಯ್ಕೆಗಳೊಂದಿಗೆ ಮೌಂಟ್ ಮಾಡಿ ನೋಡಿ. ಮೌಂಟ್ ಈ ಸಂಖ್ಯೆಯನ್ನು 1024 ಬೈಟಿನ ಲೆಕ್ಕದಲ್ಲಿ ಓದುವುದರಿಂದ 32768ನ್ನು ನಾಲ್ಕರಿಂದ ಗುಣಿಸಿ ಕೊಡಬೇಕು. ಅನೇಕರು ಎಡವುವುದು ಇಲ್ಲಿಯೇ. ಕೇವಲ 'ಆರ್‌ಒ' ಕೊಟ್ಟರೆ ಜರ್ನಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ದಾಖಲಿಸಿಡುವ ಜಾಗದಲ್ಲಿ) ಉಳಿದ ಬದಲಾವಣೆಗಳು ಡಿಸ್ಕಿಗೆ ಬರೆಯಲ್ಪಡುವ ಸಾಧ್ಯತೆ ಇರುವುದರಿಂದ 'ನೋಲೋಡ್' ಸಹ ಬೇಕು. ಫೈಲುಗಳು ಕಂಡರೆ ಕೂಡಲೇ ಬೇರೆಡೆಗೆ ನಕಲಿಸಿಕೊಳ್ಳಿ.

ಕಾಣದಿದ್ದರೆ ಸ್ನೇಹಿತರು ಹೇಳಿದ ಉಪಾಯಕ್ಕೆ ಈಗ ಅವಕಾಶವಿದೆ: ಪ್ರತಿಯ ಇನ್ನೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ಇ2ಎಫ್‌ಎಸ್‌ಸಿಕೆ (ಇಎಕ್ಸ್‌ಟಿ4ಕ್ಕೆ ಬಳಸುವ ಎಫ್‌ಎಸ್‌ಸಿಕೆ) ನಡೆಸಿ, ನಕಲು ಸೂಪರ್‌ಬ್ಲಾಕಿನ ಸಂಖ್ಯೆಯನ್ನು 'ಬಿ' ಆಯ್ಕೆಯಲ್ಲಿ ಕೊಡಿ, ಇಲ್ಲಿ ಗುಣಿಸದೆ 32768 ಎಂದೇ ಕೊಡಬೇಕು. ದಿಕ್ಕಿಲ್ಲದ ಫೈಲುಗಳು ಲಾಸ್ಟ್+ಫೌಂಡ್ ಫೋಲ್ಡರಿನಲ್ಲಿ ಐನೋಡ್ ಸಂಖ್ಯೆಯನ್ನೇ ಹೆಸರಾಗಿ ಹೊತ್ತು ಸೇರಿಕೊಳ್ಳುತ್ತವೆ.

ಇದೂ ಫಲಿಸದಿದ್ದರೆ ಫೋಟೊರೆಕ್ ಎಂಬ ತಂತ್ರಾಂಶ ಇದೆ. ಅದು ಫೈಲುಗಳ ಒಳಗುರುತನ್ನು ನೋಡಿ ಹುಡುಕುವುದರಿಂದ ಫೋಟೊಗಳು ಬಹುಮಟ್ಟಿಗೆ ಸಿಗುತ್ತವೆ, ಆದರೆ ಹೆಸರೂ ಫೋಲ್ಡರೂ ಉಳಿಯುವುದಿಲ್ಲ. ನಿಮ್ಮ ಬರಹಗಳು ಲಿಬ್ರೆ ಆಫೀಸಿನವಾದರೆ ಅವುಗಳಿಗೂ ಇಂಥ ಗುರುತಿದೆ. ಬರಿಯ ಟೆಕ್ಸ್ಟ್ ಫೈಲುಗಳಿಗೆ ಇಲ್ಲವಾದ್ದರಿಂದ ಅವುಗಳನ್ನು ಹೆಕ್ಕುವುದು ಕಷ್ಟ. ಸಿಕ್ಕಿದ್ದನ್ನು ಉಳಿಸಲು ಬೇರೆಯ ಡಿಸ್ಕನ್ನೇ ಸೂಚಿಸಿ.