ಕಿಟ್ ಆಮೇಲೆ, ಮೊದಲು ಬಾಟಲಿ ಮೇಲೆ ನಂಬರ್ ಬರೆಯಿರಿ

ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಊರಿನ ನೀರು ಪರೀಕ್ಷೆ ಮಾಡಿಸೋಕೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಲವಣ ಅಳೆಯೋದು) ಸಾಕಾ, ಔಷಧಿ ಹಾಕಿ ಬಣ್ಣ ನೋಡೋ ಕಿಟ್ ತಗೋಬೇಕಾ ಅಂತ ಕೇಳಿದ್ದೀರಿ. ಪಾವಗಡದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ನಾನೂ ಇದೇ ಯೋಚನೆಯಲ್ಲಿದ್ದೆ.

ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದಲೇ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ಹಾಗಾಗಿ ಫ್ಲೋರೈಡ್ ಕಿಟ್ಟನ್ನೇ ತರಿಸಿದೆ. ಒಂಬತ್ತು ಮಕ್ಕಳು ಒಂಬತ್ತು ಬೋರಿನ ನೀರು ತಂದರು. ಬಾಟಲಿ ಒದ್ದೆಯಾದರೆ ಯಾವ ಬೋರು ಅಂತ ಬರೆದ ಚೀಟಿ ಕಿತ್ತು ಹೋಗುತ್ತೆ ಅಂತ ನಾನೇ ಮುಚ್ಚಳದ ಮೇಲೆ ಅಂಟಿಸಿದೆ. ತಪ್ಪಾಗಿದ್ದು ಅಲ್ಲೇ. ಮುಚ್ಚಳ ಬಾಟಲಿಯ ಜೊತೆ ಇರೋದು ತೆಗೆಯೋವರೆಗೆ ಮಾತ್ರ. ಒಂಬತ್ತನ್ನೂ ಒಟ್ಟಿಗೆ ತೆಗೆಸಿ ಮೇಜಿನ ಮೇಲೆ ಇಡಿಸಿದೆ. ಟ್ಯೂಬುಗಳಿಗೂ ನಂಬರ್ ಹಾಕಿರಲಿಲ್ಲ. ಔಷಧಿ ಹಾಕಿದ ಮೇಲೆ ಎರಡು ಟ್ಯೂಬಿನಲ್ಲಿ ಗುಲಾಬಿ ಬಣ್ಣ ಹೋಗಿ ಹಳದಿ ಬಂತು. ಹಳದಿ ಬಂದರೆ ಫ್ಲೋರೈಡ್ ಜಾಸ್ತಿ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೆ. ಎಲ್ಲರೂ ಓಡಿ ಬಂದರು, ಮೇಜು ಅಲುಗಾಡಿತು, ಮುಚ್ಚಳಗಳೆಲ್ಲ ಕಲೆತು ಹೋದವು.

"ಸಾರ್, ಹಳದಿ ಆಗಿದ್ದು ನಮ್ಮನೆ ನೀರಾ?" ಅಂತ ಒಬ್ಬಳು ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಔಷಧಿ ಮುಗಿದಿತ್ತು, ಮತ್ತೆ ಬರೋಕೆ ಒಂದೂವರೆ ತಿಂಗಳಾಯ್ತು. ಅಷ್ಟು ದಿನವೂ ಅವಳು ಸೋಮವಾರ ಬಂದರೆ ಅದನ್ನೇ ಕೇಳುತ್ತಿದ್ದಳು. ಎರಡನೇ ಸಲ ನೋಡಿದಾಗ ಹಳದಿ ಬಂದಿದ್ದರಲ್ಲಿ ಅವಳ ಮನೆ ಬೋರೂ ಒಂದು.

ಅದಕ್ಕೇ ಹೇಳ್ತೀನಿ, ಮೀಟರ್ರಾ ಕಿಟ್ಟಾ ಅನ್ನೋದು ಆಮೇಲಿನ ಮಾತು. ಬೋರಿನ ಹತ್ತಿರ ನಿಂತು, ನೀರು ತುಂಬೋ ಮೊದಲೇ, ಪರ್ಮನೆಂಟ್ ಮಾರ್ಕರಿನಲ್ಲಿ ಬಾಟಲಿಯ ಮೈ ಮೇಲೆ ನಂಬರ್, ತಾರೀಖು ಬರೆಸಿ. ಅದೇ ನಂಬರ್ ಟ್ಯೂಬಿನ ಮೇಲೂ ನೋಟ್‌ಬುಕ್ಕಿನಲ್ಲೂ ಇರಲಿ. ಒಂದು ಬಾಟಲಿ ಮುಚ್ಚಿದ ಮೇಲೇ ಇನ್ನೊಂದು ತೆಗೆಯಲಿ. ಮೋಟಾರ್ ಸ್ವಲ್ಪ ಹೊತ್ತು ಓಡಲಿ, ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ಆಮೇಲೆ ತುಂಬಿ.

ಟಿಡಿಎಸ್ ಮೀಟರ್ ಮಾತ್ರ ನಂಬಿ ಕೂರಬೇಡಿ. ಅದು ನೀರಲ್ಲಿ ಕರಗಿರೋ ಲವಣದ ಒಟ್ಟು ಅಂದಾಜು ಅಷ್ಟೇ ಹೇಳುತ್ತೆ. ಕುಡಿಯೋ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಒಳಗಿರಬೇಕು ಅಂತಾರೆ. ಫ್ಲೋರೈಡಿಗೆ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಮೀಟರಿನಲ್ಲಿ 400 ಬಂತು ಅಂತ ಒಳ್ಳೇ ನೀರು ಅಂದುಬಿಟ್ಟರೆ, ಅದರೊಳಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಗೊತ್ತಾಗಲ್ಲ. ಕುದಿಸಿದರೂ ಅದು ಹೋಗಲ್ಲ.

ಹಳದಿ ಬಂದರೆ ಚಾರ್ಟ್ ಬರೆಸೋಕೆ ಕೂರಬೇಡಿ. ಅದೇ ನೀರನ್ನು ಇನ್ನೊಮ್ಮೆ ನೋಡಿ, ಲ್ಯಾಬಿಗೆ ಕಳಿಸಿ. ದೊಡ್ಡವರು ಹೊಲದಿಂದ ಬರೋ ಹೊತ್ತಿಗೆ ಆ ಮನೆಗೆ ನೀವೇ ಹೋಗಿ ಹೇಳಿ.